ನೂಲಿಗಿಂತ ಸಣ್ಣ ಗೆರೆ

"ತರಿ ಓಡ್ಸೋನಿಗೆ ಅಕ್ಷರದ ಅಂದ ಏನ್ ಗೊತ್ತು..."

ಶ್ರೀಜಾ ಗೊಣಗಿದ್ದು ಮನೆಮಾತು ಕನ್ನಡದಲ್ಲಿ. ತಿರುಪ್ಪೂರಿನ ಆ ಬನಿಯನ್ ಕಂಪನಿಯಲ್ಲಿ ಯಾರಿಗೂ ಅರ್ಥವಾಗದೆಂಬ ಧೈರ್ಯ ಅವಳದು.

"ಅಂದವಾಗೇ ಇದೆ ಮೇಡಂ," ಎಂದ ಎದುರಿಗಿದ್ದವನು, ಕನ್ನಡದಲ್ಲೇ. "ತರೀಲಿ ನಿಲ್ಲಲ್ಲ, ಅಷ್ಟೇ."

ಅವಳ ಮುಖ ಕೆಂಪೇರಿತು. ಅಯ್ಯೋ, ಇವನೂ ನಮ್ಮವನೇ!

ಅವನು ನವನೀತನ್. ಕುರಿಚಿಯಲ್ಲಿ ಒಂದೇ ಒಂದು ಮಗ್ಗ, ಆ ಕಡೆಯವರ ಮಾತಿನಲ್ಲಿ ತರಿ, ಇಟ್ಟುಕೊಂಡು ಅಂಗಿಯ ಕತ್ತಿನ ಲೇಬಲ್ ನೇಯುವವನು. ಅವಳು ಕೊಯಮತ್ತೂರಿನ ವಕೀಲರ ಮಗಳು, ಕಂಪನಿಯ ಡಿಸೈನರ್. ಮಕ್ಕಳ ಉಡುಪಿನ ಲೇಬಲ್ಲಿಗೆ ಅವಳು ಆರಿಸಿದ್ದು ಇಟಾಲಿಕ್ ಅಕ್ಷರ. ಬಲಕ್ಕೆ ವಾಲಿದ, ತುದಿಗೆ ಪುಟ್ಟ ಕೊಕ್ಕೆಯಿರುವ, ದಪ್ಪ ಗೆರೆ ಸಾಗುತ್ತಾ ಕೂದಲೆಳೆಯಾಗುವ ಇಂಗ್ಲಿಷ್ ಅಕ್ಷರ. ಮದುವೆ ಕಾರ್ಡಿನ ಮೇಲೆ, ಸೆಂಟು ಬಾಟಲಿಯ ಮೇಲೆ ಅದನ್ನು ಕಂಡರೆ ಕಣ್ಣು ಕೀಳಲಾಗದು.

"ಕಾಗದಕ್ಕೆ ಸರಿ. ನೂಲಿಗಿಂತ ಸಣ್ಣ ಗೆರೇನ ನೂಲಲ್ಲಿ ಹೆಂಗೆ ನೇಯ್ಲಿ? ಕೊಂಚ ದಪ್ಪ ಮಾಡ್ಕೊಡಿ."

"ಒಂದು ಗೆರೆನೂ ಮುಟ್ಟಲ್ಲ."

ಆದರೂ ಕೆಲಸ ಹೇಗೆ ಸಾಗಿದೆ ಎಂದು ನೋಡಲು ವಾರವಾರವೂ ಕುರಿಚಿಗೆ ಹೋದಳು. ನೆಪ ನೋಡಿ! ಮಗ್ಗದ ಸದ್ದಿನಲ್ಲಿ ಇಬ್ಬರೂ ಕೂಗಿ ಕೂಗಿ ಜಗಳವಾಡುತ್ತಿದ್ದರು. ಸದ್ದು ನಿಂತರೆ ಇಬ್ಬರಿಗೂ ಮಾತು ಹೊರಡುತ್ತಿರಲಿಲ್ಲ. ಇದು ಪ್ರೀತಿಯೇ ಎಂದು ಅವಳಿಗೆ ಗೊತ್ತಾಗಿತ್ತು... ಹೋಗಿ ಹೋಗಿ ಮಗ್ಗದವನಾ, ಎಂಬ ನಾಚಿಕೆಯೂ ಇತ್ತು.

ಲೇಬಲ್ ಬಂದಾಗ ಸಣ್ಣ ಗೆರೆಗಳೆಲ್ಲ ಮಾಯ. ಕಂಪನಿಯ ಹೆಸರು ತುಂಡು ತುಂಡಾಗಿತ್ತು.

"ತಪ್ಪು ಯಾರದು?" ಮಾಲೀಕ ರಾಜಾಮಣಿ ತಮಿಳಿನಲ್ಲಿ ಗುಡುಗಿದರು.

ನವನೀತನ್ ಅವಳನ್ನೇ ನೋಡಿದ.

"ಅವರ ತರಿ ಸರಿಯಿಲ್ಲ ಸಾರ್," ಎಂದಳು ಶ್ರೀಜಾ.

ಅವನು ಲೇಬಲ್ಲುಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಟ; ರಾಜಾಮಣಿ ಮತ್ತೆ ಅವನಿಗೆ ಕೆಲಸ ಕೊಡಲಿಲ್ಲ. ಆ ಕಂಪನಿಯನ್ನು ನಂಬಿಯೇ ಅವನ ಮಗ್ಗ ಓಡುತ್ತಿತ್ತು. ತಿಂಗಳೊಳಗೆ ಅದನ್ನು ಮಾರಬೇಕಾಯಿತು.

ಶ್ರೀಜಾ ಸದ್ದಿಲ್ಲದೆ ಗೆರೆಗಳನ್ನು ಕೊಂಚ ದಪ್ಪ ಮಾಡಿ ಬೇರೆಯವರ ಹತ್ತಿರ ನೇಯಿಸಿದಳು. ಲೇಬಲ್ ಚೆಂದ ಬಂತು. ರಾಜಾಮಣಿ ಎಲ್ಲರೆದುರು ಅವಳನ್ನು ಹೊಗಳಿದರು. ಹೊಗಳಿಕೆ ಮುಗಿಯುವ ಮೊದಲೇ ಅವಳು ಅಳುತ್ತಾ ಸತ್ಯ ಹೇಳಿಬಿಟ್ಟಳು.

ಈಗ ಅವನು ಯಾರದೋ ಶೆಡ್ಡಿನಲ್ಲಿ ಕೂಲಿಗೆ ನೇಯುತ್ತಿದ್ದ. ಮಧ್ಯಾಹ್ನ ಬೆಂಚಿನ ಮೇಲೆ ಕೂತು ಉಣ್ಣುತ್ತಿದ್ದವನ ಮುಂದೆ ಅವಳು ನಿಂತಳು.

"ಪೊಯ್ ಹೇಳ್ದೆ, ತಪ್ಪು ನಂದೇ ಅಂತ ಸಾರ್ ಹತ್ರ ಒಪ್ಕೊಂಡೆ. ಕೆಲಸದಿಂದ ತೆಗೆದ್ರು."

"ನನ್ ತರಿ ವಾಪಸ್ ಬತ್ತದಾ?"

"ಇಲ್ಲ."

"ಮತ್ಯಾಕೆ ಬಂದೆ?"

"ನೀವಂದ್ರೆ ನಂಗಿಷ್ಟ. ಆ ಸುಳ್ಳು ಹೇಳಿದ ದಿನಾನೂ ಇಷ್ಟ ಇತ್ತು."

"ತರಿ ಹೋಗಿದ್ದು ತಡ್ಕೊಂಡೆ," ಎಂದ ಅವನು. "ಹೇಳಿದ್ದು ನೀನು ಅನ್ನೋದನ್ನ ತಡ್ಕೊಳೋಕೆ ಆಗ್ತಿಲ್ಲ."

ಅವಳು ಬಿಕ್ಕಿದಳು. ಅವನು ತುಸು ಸರಿದು ಬೆಂಚಿನಲ್ಲಿ ಜಾಗ ಬಿಟ್ಟ.

"ನಾಳೇನೂ ಬಯ್ತೀನಿ."

"ನಾಳೇನೂ ಬರ್ತೀನಿ."

"ಬೇಗ ಬಾ... ಊಟಕ್ಕೆ ಬಿಡೋದು ಅರ್ಧ ಗಂಟೇನೇ."