ಕಾಂಪೌಂಡ್ ಗೋಡೆಯ ಮೆಂತ್ಯ

"ರೀ, ನೀವು ನಂಗೆ ಕೊಟ್ಟಿದ್ದು ಮರಾನೋ, ವಿಷಾನೋ?"

ಬಿಡದಿಯ ಫ್ಯಾಕ್ಟರಿಗಳು ಸರಕು ಹೊರಿಸಿ ಬಿಸಾಕುವ ಮರದ ಹಲಗೆ ಪ್ಯಾಲೆಟ್ ಮಾರುವ ನೀಲಕಂಠನ ಶೆಡ್ಡಿಗೆ ನಾನು ನುಗ್ಗಿದ್ದು ಹೀಗೆ. ಕೈಯಲ್ಲಿ ಹಳದಿಯಾಗಿ ಸತ್ತ ಒಂದು ಹಿಡಿ ಮೆಂತ್ಯ.

ಮೊಳೆ ಕೀಳುತ್ತಿದ್ದವನು ತಲೆ ಎತ್ತಿದ. "ಹಂಡೆ ಒಲೆಗೂ ಮೆಂತ್ಯಕ್ಕೂ ಏನ್ರೀ ಸಂಬಂಧ?"

"ಯಾವ ಒಲೆ?"

"ನೀರು ಕಾಯ್ಸಕ್ಕೆ ತಾನೇ ತಗೊಂಡೋಗಿದ್ದು?"

ಅವನ ತಪ್ಪೇನಿಲ್ಲ. ನಮ್ಮ ಕಡೆ ಪ್ಯಾಲೆಟ್ ಕೊಳ್ಳೋದೇ ಸ್ನಾನದ ನೀರು ಕಾಯಿಸೋಕೆ. ನಾನು ಮಾತ್ರ ಅವನ್ನು ಗೋಡೆಗೆ ನಿಲ್ಲಿಸಿ, ಹಿಂದೆ ಗೋಣಿಚೀಲ ಬಡಿದು, ಮಣ್ಣು ತುಂಬಿ, ಹಲಗೆ ಸಂದಿನಲ್ಲಿ ಸೊಪ್ಪು ಹಾಕಿದ್ದೆ.

"ಅಯ್ಯೋ, ಅವು ಕೆಮಿಕಲ್ ಡ್ರಮ್ ಹೊತ್ತ ಪ್ಯಾಲೆಟ್ಟು. ಉರಿಸೋಕಲ್ವಾ ಅಂತ ಕೊಟ್ಬುಟ್ಟೆ."

"ಉರಿಸಿದ್ರೂ ಹೊಗೆ ನಮ್ಮ ಮೂಗಿಗೇ ತಾನೆ?"

ಅವನ ಕಿವಿ ಕೆಂಪಾಯಿತು. ಅಷ್ಟು ಸಿಟ್ಟಿನಲ್ಲೂ ಅದು ನನ್ನ ಕಣ್ಣಿಗೆ ಬಿತ್ತು, ಏನು ಮಾಡಲಿ.

ಮಾರನೇ ದಿನ ಟೆಂಪೋದಲ್ಲಿ ಬೇರೆ ಪ್ಯಾಲೆಟ್ ತಂದ. ಒಂದೊಂದನ್ನೂ ಮೂಗಿಗೆ ಹಿಡಿದು ಮೂಸಿದ. "ಇದು ಟೈಲ್ಸ್ ಹೊತ್ತಿದ್ದು, ಆಗ್ತದೆ. ಇದು ಆಯಿಲ್, ಬ್ಯಾಡ."

"ಮದುವೆಗೆ ಹುಡುಗಿ ನೋಡುವಾಗಲೂ ಹಿಂಗೇ ಮೂಸ್ತೀರಾ?"

ಅವನು ಪ್ಯಾಲೆಟ್ಟಿನ ಹಿಂದೆ ಮುಖ ಮರೆಸಿದ. ಹಲಗೆ ಸಂದಿನಿಂದ ಎರಡು ಕಣ್ಣು ಮಾತ್ರ ಕಾಣುತ್ತಿದ್ದವು, ಎರಡೂ ನಗುತ್ತಿದ್ದವು.

ಈ ಗೋಡೆ ನನಗೆ ಬರೀ ಹವ್ಯಾಸ ಆಗಿರಲಿಲ್ಲ. ನಮ್ಮ ಮೂರು ಎಕರೆ ಫ್ಯಾಕ್ಟರಿಗೆ ಹೋಗಿ ಮೂರು ವರ್ಷವಾಗಿತ್ತು. ಉಳಿದದ್ದು ಮನೆ, ಅದರ ಸುತ್ತ ಒಂದು ಕಾಂಪೌಂಡ್. ಅಂದಿನಿಂದ ಅಪ್ಪ ರಾಮಲಿಂಗಯ್ಯ ಮಣ್ಣು ಮುಟ್ಟಿರಲಿಲ್ಲ. ಒಂದು ಕಟ್ಟು ಸೊಪ್ಪನ್ನೂ ಸಂತೆಯಿಂದ ತರಬೇಕೆಂದರೆ ನನಗೆ ಮೈ ಉರಿಯುತ್ತಿತ್ತು. ಅಗಲಕ್ಕೆ ಇದ್ದ ಜಾಗ ಕಿತ್ತುಕೊಂಡರೆ ಮೇಲಕ್ಕೆ ಬೆಳೆಯುತ್ತೇನೆ ಅಂತ ಹಠ ಹಿಡಿದಿದ್ದೆ.

ರೇಷ್ಮೆ ಸಾಕುವ ಅತ್ತೆ ಮನೆಯಿಂದ ಹುಳದ ಹಿಕ್ಕೆ ತಂದು ಗೊಬ್ಬರ ಹಾಕಿದೆ. ಎರಡು ತಿಂಗಳಲ್ಲಿ ಮೆಂತ್ಯ, ಸಬ್ಬಸಿಗೆ, ದಂಟು ಗೋಡೆ ತುಂಬಿದವು. ನೀಲಕಂಠ ವಾರಕ್ಕೊಮ್ಮೆ ಮೊಳೆ ಸಡಿಲ ಆಗಿದೆಯೇನೋ ನೋಡಲು ಬರುತ್ತಿದ್ದ. ಒಂದೂ ಸಡಿಲ ಆಗಿರುತ್ತಿರಲಿಲ್ಲ. ನಾನೂ ಅದನ್ನು ಹೇಳುತ್ತಿರಲಿಲ್ಲ. ಅವನು ಬರದ ವಾರ ಸೊಪ್ಪಿಗೆ ಎರಡೆರಡು ಸಲ ನೀರು ಹಾಕಿ ಬಾಗಿಲು ನೋಡುತ್ತಿದ್ದೆ.

ಆಮೇಲೆ ಅಪ್ಪ ಕನಕಪುರದ ಕಡೆಯಿಂದ ಗಂಡು ತಂದರು. ಭಾನುವಾರ ನೋಡಲು ಬರುತ್ತಾರಂತೆ. ಮಧ್ಯಸ್ಥಗಾರ ಗೋಡೆ ನೋಡಿ, "ಮನೆ ಗುಜರಿ ಅಂಗಡಿ ಆಗ್ಬುಟ್ಟೈತೆ, ತೆಗೆಸಿ" ಅಂದಿದ್ದ. ಅಪ್ಪ ನನ್ನನ್ನು ಒಂದು ಮಾತೂ ಕೇಳದೆ ನೀಲಕಂಠನಿಗೆ ಫೋನ್ ಮಾಡಿ, ಬಂದು ಬಿಚ್ಚಿಕೊಂಡು ಹೋಗು ಅಂದರು.

ಶನಿವಾರ ಬೆಳಿಗ್ಗೆ ಟೆಂಪೋ ನಿಂತಿತು. ಅವನ ಕೈಯಲ್ಲಿ ಸುತ್ತಿಗೆ. ನಾನು ಗೋಡೆಗೆ ಬೆನ್ನು ಕೊಟ್ಟು ನಿಂತೆ.

"ಒಂದು ಮೊಳೆ ಮುಟ್ಟಿ, ಗೊತ್ತಾಗ್ತದೆ."

"ಮುಟ್ಟದೆ ಹೆಂಗೆ ಬಡೀಲಿ?" ಅಂದ. ಟೆಂಪೋದಿಂದ ಎರಡು ಹೊಸ ಪ್ಯಾಲೆಟ್ ಇಳಿಸಿದ. "ಗೇಟಿನ ಪಕ್ಕ ಖಾಲಿ ಐತಲ್ಲ, ಬರೋರಿಗೆ ಮೊದ್ಲು ಅದೇ ಕಾಣೋದು."

ಇವನನ್ನು ಬಿಟ್ಟು ನಾನು ಇನ್ನೆಲ್ಲಿಗೂ ಹೋಗಲಾರೆ ಅನ್ನೋದು ಆ ಗಳಿಗೆಯಲ್ಲೇ ಖಚಿತವಾಯಿತು.

ಸದ್ದು ಕೇಳಿ ಅಪ್ಪ ಹೊರಗೆ ಬಂದರು. "ಬಿಚ್ಚೋ ಅಂದ್ರೆ ಬಡೀತಾ ಇದ್ದೀಯೇನ್ಲಾ?"

"ಬಿಚ್ಚಕ್ಕೆ ಕೈ ಬರ್ತಿಲ್ಲ ಯಜಮಾನ್ರೇ. ನಿಮ್ಮ ಮಗಳು ಪ್ರತಿಮಾ ಕಟ್ಟಿರೋದು."

"ಅಪ್ಪ, ನಾಳೆ ಬರೋರ್ಗೆ ಬರಬ್ಯಾಡಿ ಅನ್ನಿ," ಅಂದೆ. "ಭೂಮಿ ಕೊಡುವಾಗ ನನ್ನ ಕೇಳ್ಳಿಲ್ಲ. ನನ್ನ ಕೊಡುವಾಗಲಾದ್ರೂ ಕೇಳಿ. ನಾನು ಮದುವೆ ಅಂತ ಆದ್ರೆ ಇವ್ರನ್ನೇ."

ನೀಲಕಂಠನ ಕೈಯಿಂದ ಮೊಳೆಗಳು ಉದುರಿದವು. ಕಿವಿ ಮತ್ತೆ ಕೆಂಪಾಗಿತ್ತು, ಆದರೂ ಅಪ್ಪನ ಕಣ್ಣು ತಪ್ಪಿಸಲಿಲ್ಲ. "ನಂಗೂ ಅಷ್ಟೇ ಯಜಮಾನ್ರೇ. ಅವ್ರೇ ಮೊದ್ಲು ಅಂದ್ಬುಟ್ರು."

"ಇವನ ಮನೆಯೋರು ಲಿಂಗ ಕಟ್ಟೋರು ಕಣಮ್ಮ," ಅಂದರು ಅಪ್ಪ. "ನಮ್ಮನೇಲಿ ಭಾನುವಾರ ಬಂದ್ರೆ ಕೋಳಿ ಸಾರು. ಒಂದೇ ಪಂಕ್ತೀಲಿ ಕೂತು ಏನು ಉಣ್ತೀರಾ?"

"ಇದನ್ನ," ಅಂತ ಗೋಡೆ ತೋರಿಸಿದೆ.

ಅಪ್ಪ ಗೋಡೆ ಹತ್ತಿರ ಬಂದು, ಹಲಗೆ ಸಂದಿಗೆ ಬೆರಳು ತೂರಿಸಿ, ಒಂದು ಚಿಟಿಕೆ ಮಣ್ಣು ತೆಗೆದು ಉಜ್ಜಿದರು. ಮೂರು ವರ್ಷದ ಮೇಲೆ ಆ ಬೆರಳಿಗೆ ಮಣ್ಣು ಹತ್ತಿತ್ತು.

"ಮೇಲಿನ ಸಾಲಿಗೆ ನೀರು ಸಾಲದು," ಅಂದವರೇ ಒಳಗೆ ಹೋದರು. ಬೆರಳನ್ನು ಪಂಚೆಗೆ ಒರೆಸಿಕೊಳ್ಳಲಿಲ್ಲ.

"ಒಪ್ಪಿದ್ರಾ?" ನೀಲಕಂಠ ಪಿಸುಗುಟ್ಟಿದ.

"ಇನ್ನೂ ಇಲ್ಲ."

"ಮತ್ತೆ?"

ನಾನು ನೆಲದಿಂದ ಮೊಳೆ ಆರಿಸಿ ಅವನ ಅಂಗೈಗೆ ಇಟ್ಟೆ. ಕೈ ಹಿಂದಕ್ಕೆ ತಗೊಳ್ಳಲಿಲ್ಲ.

"ಬಡೀರಿ," ಅಂದೆ. "ಒಳಗೆ ಕೇಳೋ ಹಂಗೆ ಬಡೀರಿ."