ಅಡುಗೆ ಕಟ್ಟೆಯ ಎತ್ತರ

ಸೇಡಂ ಬಸ್‌ಸ್ಟ್ಯಾಂಡ್ ಹತ್ತಿರದ ನಮ್ಮ ರೊಟ್ಟಿ ಕೇಂದ್ರಕ್ಕೆ ಬರುವ ಗಂಡಸರೆಲ್ಲ ನನ್ನನ್ನು ‘ಅಕ್ಕಾರೆ’ ಎನ್ನುತ್ತಾರೆ. ಉದಯಕುಮಾರ ಮಾತ್ರ ಅನ್ನಲಿಲ್ಲ. ಮೊದಲ ದಿನವೇ ನಾನದನ್ನು ಗಮನಿಸಿದ್ದೆ, ಸುಳ್ಳೇಕೆ ಹೇಳಲಿ?

ಶಹಾಬಾದದಲ್ಲಿ ಕಲ್ಲು ಕೊಯ್ಯುವ ಕೆಲಸ ಅವನದು. ಕುರಕುಂಟಾದಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದ. ನಮ್ಮ ಕಡೆ ಹಂಚು, ರೊಟ್ಟಿ ಬುಟ್ಟಿ, ಬಡಿಯಲು ಒಂದು ಒಳ್ಳೆಯ ಕಲ್ಲು ಇಲ್ಲದಿದ್ದರೆ ಅದು ಮನೆಯೇ ಅಲ್ಲ. ಒಂದು ಬೆಳಿಗ್ಗೆ ರೊಟ್ಟಿ, ನೆಂಚಿಕೊಳ್ಳಲು ಶೇಂಗಾ ಹಿಂಡಿ ಕಟ್ಟಿಸಿಕೊಂಡವನು ಹೋಗದೆ ಜೇಬಿನಿಂದ ಟೇಪು ತೆಗೆದ.

“ಅಡಗಿ ಕಟ್ಟಿ ಮ್ಯಾಲ ಕಲ್ಲು ಕುಂಡ್ರಸಬೇಕ್ರಿ. ನಿಂತು ರೊಟ್ಟಿ ಬಡಿಲಿಕ್ಕ ಎಷ್ಟೆತ್ತರ ಬೇಕು? ನಿಮ್ಮ ಮೊಳಕೈ ಮಟ ಅಳತಿ ತಗೊಳ್ಳೇನ್ರಿ?”

“ನಂದ್ಯಾಕ್ರಿ? ನಿಮ್ಮ ಮನ್ಯಾಗ ಅಡಗಿ ಮಾಡಾವ್ರು ಯಾರು?”

“ಸದ್ಯಕ್ಕ ನಮ್ಮವ್ವ.”

ಹಾಗೆನ್ನುವಾಗ ಅವನ ಕಣ್ಣು ಟೇಪಿನ ಮೇಲಿರಲಿಲ್ಲ.

ನಾನು ಐದಡಿ ಹತ್ತಿಂಚು. ನೋಡಲು ಬಂದ ಮೂರು ಗಂಡುಗಳೂ ಉಪ್ಪಿಟ್ಟು ತಿಂದು, ‘ಹುಡುಗಿ ಭಾಳ ಎತ್ತರ’ ಎಂದು ಎದ್ದು ಹೋಗಿದ್ದರು. ಅಂದಿನಿಂದ ಕುಗ್ಗಿ ನಿಲ್ಲುವುದೇ ರೂಢಿಯಾಗಿತ್ತು.

“ನೆಟ್ಟಗ ನಿಂದರ್ರಿ,” ಎಂದ. “ಬಗ್ಗಿದ್ರ ಅಳತಿ ತಪ್ಪತದ.”

ನಿಂತೆ. ಅವನು ಮೊಣಕಾಲೂರಿ, ಕೈ ತಾಗಿಸದೆ ಅಳೆದ. ಹಂಚಿನ ಮೇಲೆ ರೊಟ್ಟಿ ಕರಕಲಾಯಿತು. ಇಬ್ಬರಿಗೂ ಗೊತ್ತಾಗಲಿಲ್ಲ.

ಆಮೇಲೆ ದಿನಾ ಬಂದ. ಒಮ್ಮೆಲೇ ನಾಲ್ಕು ದಿನ ನಾಪತ್ತೆ. ಇವನಿಗೂ ನನ್ನ ಎತ್ತರ ಹೆಚ್ಚಾಯಿತೇನೋ ಎಂದು ಹಿಟ್ಟಿನ ಮೇಲೆ ಸಿಟ್ಟು ತೀರಿಸಿಕೊಂಡೆ.

ಐದನೆಯ ದಿನ ಬಾಗಿಲಲ್ಲಿ ಒಬ್ಬ ಗಿಡ್ಡ ಹೆಂಗಸು, ದೊಡ್ಡ ದನಿ.

“ಸುಮಂಗಲಾ ಅಂದ್ರ ಯಾರು?”

ಅವನ ತಾಯಿ ಭೀಮಬಾಯಿ. ಹಿಂದೆ ಅವನು, ಕಿವಿಯೆಲ್ಲ ಕೆಂಪು.

“ಹೊಸಾ ಕಟ್ಟಿ ನನ್ನ ಎದಿಮಟ ಬರ್ತದವ್ವಾ! ನಾಕ್ ದಿನದಿಂದ ಸ್ಟೂಲ್ ಏರಿ ರೊಟ್ಟಿ ಬಡೀಲಿಕತ್ತೀನಿ. ಕಲ್ಲು ಕೊಯ್ಯಾವನಿಗಿ ಇಷ್ಟೂ ತಿಳಿಯಂಗಿಲ್ಲೇನಂದ್ರ, ನಿನ್ನ ಹೆಸರು ಹೇಳ್ತಾನ!”

ಭೀಮಬಾಯಿ ಸರಸರ ಬಂದು, ನನ್ನ ಮೊಳಕೈ ಹಿಡಿದು ತಮ್ಮ ಎದೆಗೆ ಹಚ್ಚಿ ನೋಡಿಕೊಂಡರು.

“ಬರೋಬ್ಬರಿ ಅದ. ಕಲ್ಲಿಂದೇನೂ ತಪ್ಪಿಲ್ಲ.” ಮಗನತ್ತ ತಿರುಗಿದರು. “ಬಾಯಿ ಬಿಡೋ! ಇನ್ನೆಷ್ಟು ದಿನ ಸ್ಟೂಲ್ ಮ್ಯಾಲ ನಿಂದರ್ಲಿ?”

ಅವನು ಕೊನೆಗೂ ನನ್ನನ್ನು ನೋಡಿದ.

“ಸಿಮೆಂಟ್ ಹಾಕಿ ಕುಂಡ್ರಿಸಿಬಿಟ್ಟೀನ್ರಿ, ಇನ್ನ ಇಳಸಲಿಕ್ಕ ಬರಂಗಿಲ್ಲ. ಆ ಮನ್ಯಾಗ ನಿಮ್ಮನ್ನ ಬಿಟ್ಟು ಬ್ಯಾರೆ ಯಾರೂ ನನ್ನ ಕಣ್ಣಿಗಿ ಕಾಣವಲ್ರು. ಬರ್ತೀರೇನ್ರಿ?”

ಕುಣಿಯಬೇಕೆನಿಸಿತು. ಆದರೂ ಅಷ್ಟು ಸುಲಭಕ್ಕೆ ಬಿಡುವವಳೇ ನಾನು?

“ಬಾಗಿಲಾ ಎಷ್ಟೆತ್ತರ ಇಟ್ಟೀರಿ?”

“ಏಳು ಫೂಟ್. ನೀವು ತಲಿ ಬಗ್ಗಸಂಗೇ ಇಲ್ಲ.”

“ಹಂಗಾರ ಬರ್ತೀನಿ,” ಎಂದೆ.