ಊರಿಗೆಲ್ಲ ಹಂಚಿಹೋದ ಕೆಮ್ಮು

ಪರದೆ ಅಂಗಡಿಯವಳಿಗೆ ಬರುತ್ತಿದ್ದ ಮೇಲ್‌ಗಳನ್ನೆಲ್ಲ ಬಟ್ಟೆ ಮಾಡಿದ್ದರೆ ಊರಿನ ಕಿಟಕಿಗಳನ್ನೆಲ್ಲ ಮುಚ್ಚಿ, ಮಿಕ್ಕಿದ್ದನ್ನು ಚಂದ್ರನಿಗೆ ಹೊದಿಸಬಹುದಿತ್ತು. ಬಣ್ಣ ಕೇಳುವವರು, ಅಳತೆ ಕೊಟ್ಟು ಮರುಗಳಿಗೆಯೇ ಬದಲಿಸುವವರು, ‘ಇನ್ನೂ ಆಗ್ಲಿಲ್ವಾ’ ಎನ್ನುವವರು. ಉತ್ತರ ಬರೆದು ಬರೆದು ಅವಳಿಗೆ ಸೂಜಿ ಹಿಡಿಯುವುದೇ ಮರೆತುಹೋಗಿತ್ತು.

ಕೊನೆಗೆ, ಜೊತೆಯಲ್ಲಿ ಅಂಗಡಿ ನೋಡಿಕೊಳ್ಳುವ ಅತ್ತಿಗೆ ಕಂಪ್ಯೂಟರಿಗೆ ಎಐ ಹಾಕಿಸಿದಳು.

"ನೀನು ಚೆನ್ನಾಗಿ ಬರ್ದಿರೋ ಹಳೇ ಮೇಲ್ ಒಂದಷ್ಟು ಕೊಡೇ. ಅದನ್ನ ನೋಡಿ ಕಲ್ತು, ಎಲ್ಲರಿಗೂ ನಿನ್ನ ಥರಾನೇ ಉತ್ತರ ಕೊಡುತ್ತೆ."

ಹುಡುಕಿದಳು. ಗಿರಾಕಿಗಳಿಗೆ ಬರೆದದ್ದೆಲ್ಲ ಒಣ ರೊಟ್ಟಿ. ‘ಆಯ್ತು.’ ‘ಶನಿವಾರ.’ ಚೆನ್ನಾಗಿದ್ದವು ಒಬ್ಬನಿಗೆ ಬರೆದವು ಮಾತ್ರ. ಪರದೆಗೆ ಕಂಬಿ ಮಾಡಿ, ಮನೆಮನೆಗೆ ಹೋಗಿ ಕೂರಿಸುವ ಕಂಬಿಯವನಿಗೆ. ಅತ್ತಿತ್ತ ನೋಡಿ ಅವನ್ನೇ ಕೊಟ್ಟಳು.

ಮೇಲ್ ರಾಶಿ ಕರಗಿತು. ಆದರೆ ಕಂಬಿಯವನೂ ಕರಗಿಹೋದ! ಮೊದಲೆಲ್ಲ ಅಳತೆಯ ಕೆಳಗೆ ‘ನೀಲಿ ಪರದೆ ನಿಮ್ಮ ಸೀರೆ ಬಣ್ಣದ್ದೇ’ ಎಂದೇನಾದರೂ ಬರೆಯುತ್ತಿದ್ದವನು ಈಗ ‘ಕಂಬಿ ರೆಡಿ’ ಎಂದಷ್ಟೇ ಬರೆಯುತ್ತಿದ್ದ.

ಅವಳ ಎದೆಯೊಳಗೆ ಹತ್ತು ಒನಕೆ ಒಟ್ಟಿಗೆ ಕುಟ್ಟಿದವು. ಏಣಿಯಿಂದ ಬಿದ್ದನೇ? ಹೆಣ್ಣು ನೋಡಿ ಬಂದನೇ? ಮೇಲ್ ತೆಗೆಯುವುದು, ಮುಚ್ಚುವುದು, ಮತ್ತೆ ತೆಗೆಯುವುದು. ಆ ಗುಂಗಿನಲ್ಲಿ ಎರಡು ಪರದೆ ಸೇರಿಸಿ ಚೀಲ ಹೊಲಿದುಬಿಟ್ಟಳು.

"ಹೋಗಿ ಕೇಳ್ಬಾರೆ ಮಾರಾಯ್ತಿ! ಇನ್ನೊಂದು ಪರದೆ ಹಾಳಾದ್ರೆ ನಿನ್ನನ್ನೇ ಕಿಟಕಿಗೆ ನೇತುಹಾಕ್ತೀನಿ," ಎಂದಳು ಅತ್ತಿಗೆ.

ವರ್ಕ್‌ಶಾಪಿನಲ್ಲಿ ಅವನು ಕಂಬಿ ಉಜ್ಜುತ್ತಿದ್ದ. ತಲೆ ಎತ್ತಲಿಲ್ಲ.

"ಕೆಮ್ಮು ಹೇಗಿದೆ?" ಮೇಲ್‌ನಲ್ಲಿ ಯಾವಾಗಲೂ ಕೇಳುತ್ತಿದ್ದದ್ದೇ ಅವಳ ಬಾಯಿಗೆ ಬಂತು.

"ಯಾರ್ದು? ನಂದಾ, ವಕೀಲರ ತಾತಂದಾ?"

"ಅಂದ್ರೆ?"

"ವಕೀಲರ ಮನೆಗೆ ಕಂಬಿ ಕೂರಿಸೋಕೆ ಹೋದಾಗ ಅವರ ತಾತ ನಿಮ್ಮ ಮೇಲ್ ತೋರಿಸಿದ್ರು. ‘ಪರದೆ ಗುರುವಾರ ಬರುತ್ತೆ. ಕೆಮ್ಮು ಹೇಗಿದೆ? ಏಣಿ ಹತ್ತುವಾಗ ಜೋಪಾನ, ನಾನಿಲ್ಲಿ ಜೀವ ಕೈಯಲ್ಲಿ ಹಿಡ್ಕೊಂಡು ಕೂತಿರ್ತೀನಿ’ ಅಂತ. ಕೋಲಿಲ್ದೆ ಎದ್ದು ನಿಲ್ಲೋಕಾಗಲ್ಲ ಅವರಿಗೆ. ಏಣಿ ಯಾಕೆ ಹತ್ತುತ್ತಾರೆ?" ಉಜ್ಜುವುದು ಜೋರಾಯಿತು. "ಬ್ಯಾಂಕ್ ಮ್ಯಾನೇಜರಿಗೂ ಹಾಗೇ ಬಂದಿದೆಯಂತೆ. ನನಗೊಬ್ಬನಿಗೇ ಅಂದ್ಕೊಂಡಿದ್ದೆ. ಪೆದ್ದ ನಾನು."

ಅವಳ ಮುಖದ ರಕ್ತ ಅಂಗಾಲಿಗೆ ಇಳಿಯಿತು. "ಅದು ನಾನಲ್ಲ. ಎಐ ಬರೆದದ್ದು."

"ಓಹೋ. ಹಾಗಾದ್ರೆ ನನಗೂ ಅದೇ ಬರೀತಿತ್ತು."

"ಅಯ್ಯೋ, ಅಲ್ಲ!" ಈಗ ಹೇಳದಿದ್ದರೆ ಇವನು ಹೋದ. ಹೇಳಿದರೆ ಮಾನ ಹೋಯಿತು. ಮಾನ ಹೋಗಲಿ ಎಂದುಕೊಂಡಳು. "ಚೆನ್ನಾಗಿ ಬರ್ದಿರೋದು ಕೊಡು ಅಂದ್ರು. ನಾನು ಚೆನ್ನಾಗಿ ಬರ್ದಿರೋದು ನಿಮಗೊಬ್ಬರಿಗೇ. ಅದನ್ನೇ ಕೊಟ್ಟೆ. ಆ ಮುಂಡೇದು ನಿಮ್ಮ ಕೆಮ್ಮನ್ನ ಊರಿಗೆಲ್ಲ ಹಂಚಿಬಿಡ್ತು!"

ಕೈಯಲ್ಲಿದ್ದ ಕಂಬಿ ಠಣ್ಣೆಂದು ನೆಲಕ್ಕೆ ಬಿತ್ತು. ಅವನು ತಲೆ ಎತ್ತಿದ. ಕಿವಿ ಎರಡೂ ಕೆಂಪಗೆ, ಊರಿಗೆಲ್ಲ ಸಿಗ್ನಲ್ ದೀಪ ಆಗುವಷ್ಟು.

"ಆ ಎಐ ಮೇಲ್ ನಿಲ್ಲಿಸ್ತೀನಿ. ಈಗ್ಲೇ ಹೋಗಿ ನಿಲ್ಲಿಸ್ತೀನಿ," ಎಂದು ಅವಳು ಹೊರಟಳು.

"ತಾಳು. ಆ ತಾತ ಹೇಳಿದ್ರು, ಹೆಂಡ್ತಿ ತೀರಿಹೋದಮೇಲೆ ಕೆಮ್ಮು ಹೇಗಿದೆ ಅಂತ ಅವರನ್ನ ಕೇಳಿದ್ದು ಆ ಮೇಲ್ ಒಂದೇ ಅಂತ." ಗೋಡೆಗೆ ಒರಗಿಸಿದ್ದ ಏಣಿಯ ಪಕ್ಕ ಬಂದು ನಿಂತ. "ಕೆಮ್ಮು ಎಲ್ಲರದ್ದೂ ಕೇಳ್ಲಿ ಬಿಡು. ಏಣಿ ಮಾತ್ರ ನನಗೊಬ್ಬನಿಗೇ ಇರಲಿ."